ಬಟ್ಟಲಿನ ಆಮೆ, ಕೋಟಿನ ಮೇಲಿನ ಹಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಪ್ಪತ್ತನೇ ಶತಮಾನದ ಬಹುಕಾಲ ಅಮೆರಿಕದಲ್ಲಿ ಆಮೆಮರಿ, ಅನೋಲ್ ಹಲ್ಲಿ, ಕೊಂಬಿನ ಓತಿ, ಮೊಸಳೆಮರಿಗಳು ಆಟಿಕೆಗಳ ಸಾಲಿನಲ್ಲೇ ಮಾರಾಟವಾದವು. ಚಿಲ್ಲರೆ ಅಂಗಡಿ, ಸರ್ಕಸ್ಸು, ಹೆದ್ದಾರಿ ಬದಿಯ ಮಳಿಗೆ, ಕೊನೆಗೆ ಅಂಚೆಯಲ್ಲೂ ಅವು ಸಿಗುತ್ತಿದ್ದವು. ಆ ವ್ಯಾಪಾರದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಹಳೆಯ ಅಮೆರಿಕನ್ ಫೋಟೋಗಳಲ್ಲಿ ಪ್ಲಾಸ್ಟಿಕ್ ಬಟ್ಟಲು, ಅದರ ನಡುವೆ ಪುಟ್ಟ ದ್ವೀಪ, ದ್ವೀಪದ ಮೇಲೆ ಪ್ಲಾಸ್ಟಿಕ್ ತಾಳೆಮರ, ಪಕ್ಕದಲ್ಲೊಂದು ಆಮೆಮರಿ ಕಾಣಿಸುತ್ತದೆ. ಅವು ಎಷ್ಟು ಕಾಲ ಬದುಕುತ್ತಿದ್ದವು? ಏನಾಗಿ ಸಾಯುತ್ತಿದ್ದವು?

ಉತ್ತರ: ಹೆಚ್ಚಿನವು ಮೊದಲ ವರ್ಷ ದಾಟಲಿಲ್ಲ. ಸರಿಯಾಗಿ ಸಾಕಿದರೆ ಇಪ್ಪತ್ತು, ಮೂವತ್ತು ವರ್ಷ ಬಾಳುವ ಪ್ರಾಣಿ ಅದು.

ಫೋಟೋದಲ್ಲಿರುವುದು ಬಹುಪಾಲು ರೆಡ್ ಇಯರ್ಡ್ ಸ್ಲೈಡರ್ ಮರಿ. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ಈ ಸಿಹಿನೀರಿನ ಆಮೆಗೆ ಮಿಸಿಸಿಪಿ ಕಣಿವೆಯೇ ತವರು. ಲೂಯಿಸಿಯಾನಾದ ಸಾಕಣೆ ಕೊಳಗಳಲ್ಲಿ ತಾಯಾಮೆಗಳನ್ನು ಇಟ್ಟುಕೊಂಡು, ಅವು ದಂಡೆಯ ಮಣ್ಣಿನಲ್ಲಿ ಹೂತಿಟ್ಟ ಮೊಟ್ಟೆಗಳನ್ನು ಅಗೆದು ತೆಗೆದು, ಮರಿ ಮಾಡಿಸಿ, ಸಗಟಾಗಿ ದೇಶದ ಮೂಲೆಮೂಲೆಗೆ ಕಳಿಸುತ್ತಿದ್ದರು. ಮೊಟ್ಟೆಯೊಡೆದ ಮರಿಯ ಚಿಪ್ಪು ಸುಮಾರು 3 ಸೆಂಟಿಮೀಟರ್. ಬೆಳೆದ ಹೆಣ್ಣಿನದು 25ರಿಂದ 30 ಸೆಂಟಿಮೀಟರ್, ಅಂದರೆ ಊಟದ ತಟ್ಟೆಯಷ್ಟು. ಕೊಂಡವರಿಗೆ ಇದನ್ನು ಯಾರೂ ಹೇಳುತ್ತಿರಲಿಲ್ಲ. ಆಮೆಯೂ ಆ ಗಾತ್ರ ಮುಟ್ಟುತ್ತಿರಲಿಲ್ಲವಾದ್ದರಿಂದ ಯಾರೂ ಬಂದು ಕೇಳುತ್ತಲೂ ಇರಲಿಲ್ಲ.

ಸಾವಿಗೆ ಮೊದಲ ಕಾರಣ ಚಳಿ. ಸ್ಲೈಡರ್ ಮರಿಗೆ ನೀರು 26ರಿಂದ 28 ಡಿಗ್ರಿ ಇರಬೇಕು, ಮೈ ಕಾಯಿಸಿಕೊಳ್ಳಲು 32ರಿಂದ 35 ಡಿಗ್ರಿಯ ಒಣ ಜಾಗ ಬೇಕು. ಬಟ್ಟಲಿನ ನೀರು ಕೋಣೆಯಷ್ಟೇ ತಣ್ಣಗೆ, 18ರಿಂದ 20 ಡಿಗ್ರಿ. ಆ ತಂಪಿಗೆ ಹೊಟ್ಟೆ ಕೆಲಸ ಮಾಡುವುದಿಲ್ಲ. ತಿಂದದ್ದು ಅರಗದೆ ಕೊಳೆಯುತ್ತದೆ, ರೋಗ ತಡೆಯುವ ಶಕ್ತಿ ಕುಸಿಯುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಅಂಥ ಮರಿ ಒಂದು ಪಕ್ಕಕ್ಕೆ ವಾಲಿ ತೇಲುತ್ತದೆ, ಮೂಗಿನಲ್ಲಿ ಗುಳ್ಳೆ ಬರುತ್ತದೆ. ನೋಡಿದವರು 'ಆಟವಾಡುತ್ತಿದೆ' ಅಂದುಕೊಳ್ಳುತ್ತಿದ್ದರು.

ಎರಡನೆಯದು ನೀರು. ಸ್ಲೈಡರ್ ನೀರಿನೊಳಗೇ ತಿನ್ನುತ್ತದೆ. ತಲೆ ಮುಳುಗದಿದ್ದರೆ ತುತ್ತು ನುಂಗಲಾಗದು. ಬಟ್ಟಲಲ್ಲಿ ಇರುತ್ತಿದ್ದುದು ಎರಡು ಬೆರಳಷ್ಟು ನೀರು. ತಿನ್ನುವುದೂ ಅದರಲ್ಲೇ, ಮಲಮೂತ್ರವೂ ಅದರಲ್ಲೇ. ಬೆಳಿಗ್ಗೆ ಬದಲಿಸಿದ ನೀರು ಸಂಜೆಯೊಳಗೆ ಅಮೋನಿಯಾ ನಾರುತ್ತಿತ್ತು.

ಮೂರನೆಯದು ಆಹಾರ. ಬಟ್ಟಲಿನ ಜೊತೆ ಬರುತ್ತಿದ್ದ ಸಣ್ಣ ಡಬ್ಬಿಯಲ್ಲಿ ಒಣಗಿಸಿದ 'ಇರುವೆ ಮೊಟ್ಟೆ' ಇರುತ್ತಿತ್ತು. ನಿಜಕ್ಕೂ ಅವು ಇರುವೆಯ ಕೋಶಗಳು, ಅಂದರೆ ಮರಿಹುಳ ಇರುವೆಯಾಗಿ ಬದಲಾಗುವ ಹಂತದ ಗೂಡುಗಳು. ಕೆಲವು ಸಲ ಒಣ ನೊಣ. ಎರಡರಲ್ಲೂ ಎ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲ್ಸಿಯಂ ಅದಕ್ಕಿಂತ ಕಡಿಮೆ. ಅಯ್ಯೋ ಪಾಪ ಅಂತ ಮನೆಯವರು ಹಸಿ ಮಾಂಸದ ಚೂರು ಕೊಟ್ಟರೆ ಇನ್ನೊಂದು ತೊಡಕು. ಮಾಂಸದಲ್ಲಿ ರಂಜಕ ಕ್ಯಾಲ್ಸಿಯಂನ ಹತ್ತು ಪಟ್ಟಿಗೂ ಹೆಚ್ಚು, ಆಮೆಗೆ ಬೇಕಾದದ್ದು ಅದರ ತಿರುವುಮುರುವು: ಒಂದು ಪಾಲು ರಂಜಕಕ್ಕೆ ಎರಡು ಪಾಲು ಕ್ಯಾಲ್ಸಿಯಂ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ದೇಹ ಅದನ್ನು ತನ್ನದೇ ಮೂಳೆಯಿಂದ ಕೀಳುತ್ತದೆ. ಆಮೆಯ ಚಿಪ್ಪೆಂದರೆ ಮೂಳೆಯೇ. ಕೆಲವು ತಿಂಗಳಲ್ಲಿ ಚಿಪ್ಪು ಒದ್ದೆ ರಟ್ಟಿನ ಹಾಗೆ ಬಗ್ಗತೊಡಗುತ್ತದೆ. ಕಿಟಕಿ ಪಕ್ಕ ಇಟ್ಟರೂ ಉಪಯೋಗವಿಲ್ಲ: ಡಿ3 ವಿಟಮಿನ್ ತಯಾರಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ನೀರು ಬೆಂದುಹೋಗುವಷ್ಟು ಕಾದೀತು, ಅಷ್ಟೆ.

ಎ ವಿಟಮಿನ್ ಕೊರತೆ ಮೊದಲು ಕಣ್ಣಿನಲ್ಲಿ ಕಾಣುತ್ತದೆ. ಕಣ್ಣೀರಿನ ಗ್ರಂಥಿಗಳ ಒಳಪದರ ಗಟ್ಟಿಯಾಗಿ, ಸತ್ತ ಜೀವಕೋಶಗಳು ನಾಳದಲ್ಲಿ ಕಟ್ಟಿಕೊಂಡು, ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುತ್ತದೆ. ಈ ಆಮೆ ಆಹಾರವನ್ನು ಕಣ್ಣಿನಿಂದ ನೋಡಿಯೇ ಹಿಡಿಯುವ ಪ್ರಾಣಿ. ಕಣ್ಣು ಮುಚ್ಚಿದರೆ ತಿನ್ನುವುದೂ ನಿಂತಿತು. ತಿನ್ನದಿದ್ದರೆ ಕೊರತೆ ಇನ್ನಷ್ಟು. 'ನಮ್ಮ ಆಮೆ ಬರೀ ನಿದ್ದೆ ಮಾಡುತ್ತದೆ' ಎಂಬ ಅಂದಿನ ಮನೆಮಾತಿನ ಹಿಂದಿದ್ದದ್ದು ಇದೇ.

ಪ್ರಶ್ನೆ: ಅಷ್ಟು ಕಷ್ಟವಿದ್ದರೆ ಒಂದೆರಡು ದಿನದಲ್ಲೇ ಸಾಯಬೇಕಿತ್ತಲ್ಲ? ತಿಂಗಳುಗಟ್ಟಲೆ ಬದುಕಿದವೆಂದರೆ ಅವು ಗಟ್ಟಿ ಪ್ರಾಣಿಗಳೇ ಅಲ್ಲವೇ?

ಉತ್ತರ: ಮಾರುವವರ ವಾದವೂ ಇದೇ ಆಗಿತ್ತು. ಇಡೀ ವ್ಯಾಪಾರ ನಿಂತಿದ್ದೇ ಇದರ ಮೇಲೆ.

ಒಂದೇ ತೂಕದ ಸಸ್ತನಿಗೂ ಸರೀಸೃಪಕ್ಕೂ ಹೋಲಿಸಿದರೆ, ಸುಮ್ಮನಿರುವಾಗ ಸರೀಸೃಪ ಖರ್ಚು ಮಾಡುವ ಶಕ್ತಿ ಸುಮಾರು ಹತ್ತನೇ ಒಂದು ಪಾಲು. ಮೈ ಬಿಸಿಯಾಗಿಡಲು ಅದು ಒಳಗೆ ಉರುವಲು ಸುಡುವುದಿಲ್ಲ. ತಂಪಾದಷ್ಟೂ ಖರ್ಚು ಇನ್ನೂ ಇಳಿಯುತ್ತದೆ. ಇಲಿಮರಿಗೆ ಎರಡು ದಿನ ಅನ್ನ ಹಾಕದಿದ್ದರೆ ಸತ್ತು ಬೀಳುತ್ತದೆ, ತಪ್ಪು ಯಾರದೆಂದು ಕೇಳಬೇಕಿಲ್ಲ. ಆಮೆಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಉಳಿಕೆ ಇರುತ್ತದೆ. ಮೊದಲ ಕೆಲವು ವಾರ ಏನೂ ತಿನ್ನದೆ ಅದರಲ್ಲೇ ಕಳೆಯಬಲ್ಲದು. ಅಂಗಡಿಯವರಿಗೆ ಬೇಕಾಗಿದ್ದದ್ದೂ ಅಷ್ಟೇ ಕಾಲ: ಸಾಕಣೆ ಕೊಳದಿಂದ ಸಗಟು, ಸಗಟಿನಿಂದ ಅಂಗಡಿ, ಅಂಗಡಿಯಿಂದ ಮನೆ. ಆ ಬುತ್ತಿ ಮುಗಿಯುವ ಹೊತ್ತಿಗೆ ಆಮೆ ಮಗುವಿನ ಕೋಣೆಯಲ್ಲಿರುತ್ತಿತ್ತು, ಸತ್ತರೆ ದೋಷ ಮಗುವಿನದು.

ತಡೆದುಕೊಳ್ಳುವುದು ಬೇರೆ, ಬದುಕುವುದು ಬೇರೆ. ನಿಧಾನವಾಗಿ ಸಾಯುವ ಗುಣವನ್ನೇ 'ಆರೈಕೆ ಬೇಡದ ಪ್ರಾಣಿ' ಎಂದು ಮಾರಿದರು. ಸರೀಸೃಪ ಕೂಗುವುದಿಲ್ಲ, ಮುಖ ಕಿವುಚುವುದಿಲ್ಲ. ನೋವಿನ ಸುಳಿವು ಸಿಗುವುದು ತಿನ್ನದಿರುವುದು, ಅಲುಗಾಡದಿರುವುದು, ಬಣ್ಣ ಕಪ್ಪಾಗುವುದು, ಬುಡದಲ್ಲಿ ಬಾಲ ತೆಳ್ಳಗಾಗುವುದು ಇಂಥವುಗಳಲ್ಲಿ ಮಾತ್ರ. ಗೊತ್ತಿಲ್ಲದವರ ಕಣ್ಣಿಗೆ ಅದು 'ಸಾಧು ಸ್ವಭಾವ'.

ಪ್ರಶ್ನೆ: ಜೀವಂತ ಹಲ್ಲಿಯನ್ನು ಬ್ರೋಚ್ ಹಾಗೆ ಬಟ್ಟೆಗೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ನಿಜವೇ? ಅದು ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತೇ?

ಉತ್ತರ: ಸಿಕ್ಕಿಸಿಕೊಳ್ಳುತ್ತಿದ್ದದ್ದು ನಿಜ. ಬಟ್ಟೆಯ ಬಣ್ಣಕ್ಕೆ ತಿರುಗುತ್ತಿದ್ದದ್ದು ಸುಳ್ಳು.

1890ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಇದೊಂದು ಹುಚ್ಚಾಗಿ ಹಬ್ಬಿತ್ತು. ಪ್ರಾಣಿಹಿಂಸೆ ತಡೆಯುವ ಸಂಘದವರು ಆಗಲೇ ತಕರಾರು ಎತ್ತಿದ್ದರು. ಆದರೂ ಸರ್ಕಸ್ಸು, ಜಾತ್ರೆಗಳಲ್ಲಿ ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಮಾರಾಟ ನಡೆದೇ ಇತ್ತು. ಹಲ್ಲಿಯ ಕೊರಳಿಗೆ ದಾರದ ಕುಣಿಕೆ ಇಲ್ಲವೇ ತೆಳುವಾದ ಸರಪಣಿ, ಇನ್ನೊಂದು ತುದಿಗೆ ಸೂಜಿಪಿನ್ನು. ಪಿನ್ನನ್ನು ಕೋಟಿನ ಕಾಲರಿಗೆ ಚುಚ್ಚಿದರೆ ಹಲ್ಲಿ ಹೆಗಲ ಮೇಲೆ ಅತ್ತಿತ್ತ ಓಡಾಡಬೇಕು.

ಅದನ್ನು ಗೋಸುಂಬೆಯೆಂದು ಮಾರುತ್ತಿದ್ದರು, ಗೋಸುಂಬೆಗೂ ಅದಕ್ಕೂ ಹತ್ತಿರದ ನಂಟಿಲ್ಲ. ಅದು ಹಸಿರು ಅನೋಲ್, ಆಗ್ನೇಯ ಅಮೆರಿಕದ ಮರಹಲ್ಲಿ. ಮೂಗಿನಿಂದ ಬಾಲದ ತುದಿಗೆ 12ರಿಂದ 20 ಸೆಂಟಿಮೀಟರ್, ಅದರಲ್ಲಿ ಅರ್ಧಕ್ಕೂ ಹೆಚ್ಚು ಬಾಲವೇ. ತೂಕ ಐದಾರು ಗ್ರಾಂ ಇದ್ದರೆ ದೊಡ್ಡದು. ಅಂಥ ಕೊರಳಿಗೆ ದಾರ ಬಿಗಿದು ಅದು ಹೆಗಲಿನಿಂದ ಜಾರಿದರೆ ಇಡೀ ಭಾರ ಕುಣಿಕೆಯ ಮೇಲೆ ಬೀಳುತ್ತದೆ. ಬಾಲ ಹಿಡಿದು ಎತ್ತಿದರೆ ಬಾಲ ಕಳಚಿಕೊಳ್ಳುತ್ತದೆ. ಮತ್ತೆ ಬೆಳೆಯುತ್ತದೆ ಎಂದು ಮಾರುವವ ನಗುತ್ತಿದ್ದ. ಬೆಳೆಯುತ್ತದೆ, ಆದರೆ ಹೊಟ್ಟೆಗಿಲ್ಲದ ಹಲ್ಲಿಗೆ ಹೊಸ ಬಾಲ ಕಟ್ಟಲು ಸಾಮಗ್ರಿ ಎಲ್ಲಿಂದ ಬರಬೇಕು?

ಇನ್ನು ಬಣ್ಣ. ಅನೋಲ್‌ಗೆ ಇರುವುದು ಮುಖ್ಯವಾಗಿ ಹಸಿರು, ಕಂದು, ಅವೆರಡರ ನಡುವಿನ ಛಾಯೆಗಳು. ಅದನ್ನು ನಿರ್ಧರಿಸುವುದು ಮೈಯ ಬಿಸಿ, ಬೆಳಕು, ಹೆದರಿಕೆ, ಹಿಂದಿರುವ ಬಟ್ಟೆಯಲ್ಲ. ಮೈ ಬೆಚ್ಚಗಿದ್ದು ನೆಮ್ಮದಿಯಿಂದಿದ್ದರೆ ಹಸಿರು. ಚಳಿಯಾದರೆ, ಬೆದರಿದರೆ ಕಂದು. ತೀರಾ ಹಿಂಸೆಯಾದಾಗ ಕಣ್ಣಿನ ಹಿಂದೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಕಪ್ಪು ಮಚ್ಚೆ ಮೂಡುತ್ತದೆ. ಹಸಿರು ಹಲ್ಲಿಯನ್ನು ಕೊಂಡು ಕೊರಳಿಗೆ ದಾರ ಕಟ್ಟಿಸಿಕೊಂಡು ಹೊರಟವರು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ 'ನೋಡು, ಬಣ್ಣ ಬದಲಾಯಿತು' ಎಂದು ಹಿಗ್ಗುತ್ತಿದ್ದರು. ಅವರು ನೋಡುತ್ತಿದ್ದದ್ದು ಹೆದರಿಕೆಯನ್ನು. ಕಂದು ಕೋಟಾಗಿದ್ದರಂತೂ ಮಾರಿದವನ ಮಾತು ದಿಟವಾದಂತೆಯೇ.

ಪ್ರಶ್ನೆ: ಅವಕ್ಕೆ ಸಕ್ಕರೆ ನೀರು ಕೊಡಿ ಎಂದು ಹೇಳಿ ಕಳಿಸುತ್ತಿದ್ದರಂತೆ. ಯಾಕೆ?

ಉತ್ತರ: ಸಕ್ಕರೆ ಎಲ್ಲರ ಮನೆಯಲ್ಲಿದೆ, ಜೀವಂತ ಹುಳ ಇಲ್ಲ, ಅದಕ್ಕೆ. ಅನೋಲ್ ಕಾಡಿನಲ್ಲಿ ಆಗೀಗ ಹೂವಿನ ಮಕರಂದ ನೆಕ್ಕುವುದುಂಟು. ಹಾಗಾಗಿ ಸಿಹಿ ಹನಿ ತೋರಿಸಿದರೆ ನಾಲಿಗೆ ಚಾಚುತ್ತದೆ, ಗಿರಾಕಿಗೆ ನಂಬಿಕೆ ಬರುತ್ತದೆ. ಆದರೆ ಅದರ ನಿಜವಾದ ಊಟ ಅಲುಗಾಡುವ ಹುಳುಗಳು, ಒಂದೊಂದೂ ಹಲ್ಲಿಯ ತಲೆಯ ಅರ್ಧದಷ್ಟು ಅಗಲ ಮೀರಬಾರದು. ಬಟ್ಟಲಲ್ಲಿ ನಿಂತ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುತ್ತದೆ. ನೀರಿನ ಬಟ್ಟಲಿನ ಪಕ್ಕದಲ್ಲೇ ಬಾಯಾರಿ ಸತ್ತ ಅನೋಲ್‌ಗಳಿಗೆ ಲೆಕ್ಕವಿಲ್ಲ. ದಿನಕ್ಕೆ ಎರಡು ಸಲ ಎಲೆಗಳಿಗೆ ನೀರು ಚಿಮುಕಿಸಿದ್ದರೆ ಸಾಕಿತ್ತು.

ಪ್ರಶ್ನೆ: ಚಿಪ್ಪಿನ ಮೇಲೆ ಹೂವು, ಊರಿನ ಹೆಸರು, ಧ್ವಜ ಬರೆದ ಆಮೆಗಳ ಬಗ್ಗೆ ಓದಿದ್ದೇನೆ. ಚಿಪ್ಪು ಉಗುರಿನ ಹಾಗಲ್ಲವೇ, ಬಣ್ಣ ಬಳಿದರೆ ಏನು ನಷ್ಟ?

ಉತ್ತರ: ಮೇಲ್ಪದರ ಮಾತ್ರ ಉಗುರಿನ ಜಾತಿಯದು. ಅದರಡಿ ಇರುವುದು ರಕ್ತ, ನರ ಹರಿದಾಡುವ ಜೀವಂತ ಮೂಳೆ. ಬೆನ್ನುಮೂಳೆ, ಪಕ್ಕೆಲುಬುಗಳು ಅದರೊಳಗೇ ಬೆಸೆದುಕೊಂಡಿವೆ. ಚಿಪ್ಪಿನ ಪ್ರತಿ ಹಲಗೆ ತನ್ನ ಅಂಚಿನಲ್ಲಿ, ಪಕ್ಕದ ಹಲಗೆಗೆ ಸೇರುವ ಗೆರೆಯಲ್ಲಿ ಬೆಳೆಯುತ್ತದೆ. 3 ಸೆಂಟಿಮೀಟರಿನ ಮರಿ ಮೊದಲ ಎರಡು ಮೂರು ವರ್ಷದಲ್ಲೇ ಮೂರು ಪಟ್ಟಾಗಬೇಕು. ದಪ್ಪ ಎನಾಮಲ್ ಬಣ್ಣ ಈ ಗೆರೆಗಳನ್ನು ಮುಚ್ಚಿಬಿಟ್ಟರೆ ಬೆಳವಣಿಗೆ ಅಲ್ಲಿ ತಡೆದು, ಬಣ್ಣವಿಲ್ಲದ ಕಡೆ ಮುಂದುವರಿದು, ಚಿಪ್ಪು ಗೂನಾಗಿ ಸೊಟ್ಟಗಾಗುತ್ತದೆ. ಸ್ಲೈಡರ್ ಹಳೆಯ ಹಲಗೆಯ ತೆಳು ಪೊರೆಯನ್ನು ಆಗಾಗ ಕಳಚುತ್ತದೆ, ಬಣ್ಣ ಅದನ್ನೂ ಹಿಡಿದಿಡುತ್ತದೆ. ಪೊರೆಯಡಿ ನೀರು ನಿಂತು ಕೊಳೆತ ಶುರು. ಚಿಪ್ಪು ಮೆತ್ತಗಾಗಿರುವುದೂ ಕೊಳೆತದ ಕಲೆಯೂ ಕಾಣದಂತೆ ಮುಚ್ಚಿಡುವುದಕ್ಕೂ ಈ ಚಿತ್ತಾರ ಅನುಕೂಲವಾಗಿತ್ತು.

ಬಣ್ಣ ತೆಗೆಯುವ ಬಗ್ಗೆ ಇಬ್ಬರು ಕೇಳಿದ್ದಾರೆ. ಟರ್ಪೆಂಟೈನ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ ಯಾವುದೂ ಬೇಡ. ಅವು ಚರ್ಮದ ಮೂಲಕ ಒಳಗಿಳಿಯುತ್ತವೆ, ಆವಿ ಶ್ವಾಸಕೋಶ ಸುಡುತ್ತದೆ. 26–28 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಮೆದು ಹಲ್ಲುಜ್ಜುವ ಬ್ರಷ್‌ನಿಂದ ಹಲಗೆಗಳ ನಡುವಿನ ಗೆರೆಗಳನ್ನು ಮೊದಲು ಬಿಡಿಸಿ. ಪದರು ತಾನಾಗಿ ಎದ್ದ ಕಡೆ ಮಾತ್ರ ಉಗುರಿನಿಂದ ಎಬ್ಬಿಸಿ. ಒಂದೇ ದಿನ ಮುಗಿಸಲು ಹೋಗಬೇಡಿ. ಗೆರೆಗಳು ಬಿಡುಗಡೆಯಾದರೆ ಉಳಿದದ್ದು ಪೊರೆಯ ಜೊತೆ ಹೋಗುತ್ತದೆ. ಚಾಕುವಿನಿಂದ ಹೆರೆಯುವುದು ಪಶುವೈದ್ಯರೂ ಮಾಡದ ಕೆಲಸ.

ಪ್ರಶ್ನೆ: ಟೆಕ್ಸಸ್‌ನ ಕೊಂಬಿನ ಓತಿ 31 ವರ್ಷ ಕಲ್ಲಿನೊಳಗೆ ಬದುಕಿತ್ತು ಎಂಬ ಕಥೆ ಎಷ್ಟು ನಿಜ?

ಉತ್ತರ: ಕಥೆ ಹೀಗಿದೆ. 1897ರಲ್ಲಿ ಟೆಕ್ಸಸ್‌ನ ಈಸ್ಟ್‌ಲೆಂಡ್ ಊರಿನ ನ್ಯಾಯಾಲಯದ ಕಟ್ಟಡಕ್ಕೆ ಮೂಲೆಗಲ್ಲು ಇಡುವಾಗ ಅದರ ಪೊಳ್ಳಿನಲ್ಲಿ ಒಂದು ಕೊಂಬಿನ ಓತಿಯನ್ನು ಹಾಕಿದರಂತೆ. 1928ರಲ್ಲಿ ಕಟ್ಟಡ ಕೆಡವಿ ಕಲ್ಲು ತೆರೆದಾಗ ಓತಿ ಧೂಳು ಕೊಡವಿಕೊಂಡು ಎದ್ದಿತಂತೆ. ಓಲ್ಡ್ ರಿಪ್ ಎಂದು ಹೆಸರಿಟ್ಟು ಊರೂರು ಮೆರೆಸಿದರು, ಆಗಿನ ಅಮೆರಿಕದ ಅಧ್ಯಕ್ಷ ಕೂಲಿಜ್ ಅವರಿಗೂ ತೋರಿಸಿದರು. ಮರುವರ್ಷ ಜನವರಿಯಲ್ಲಿ ಅದು ಸತ್ತಿತು. ಅದರ ಒಣ ದೇಹ ಇಂದಿಗೂ ಅಲ್ಲಿನ ನ್ಯಾಯಾಲಯದಲ್ಲಿ ಪ್ರದರ್ಶನಕ್ಕಿದೆ.

31 ವರ್ಷದ ಮಾತು ಅಸಾಧ್ಯ. ಈ ಓತಿಯ ಆಯಸ್ಸೇ ಹತ್ತು ವರ್ಷದೊಳಗೆ. ಅನ್ನ ನೀರಿಲ್ಲದೆ ಒಂದು ಚಳಿಗಾಲ ಮಣ್ಣಿನಡಿ ಮಲಗಬಲ್ಲದು, ಮೂರು ದಶಕವಲ್ಲ. ಕಲ್ಲು ತೆರೆಯುವ ಹೊತ್ತಿಗೆ ಯಾರದೋ ಕೈಚಳಕ ನಡೆದಿರಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಕಥೆಯ ಕೇಡು ಅದಲ್ಲ. ಊಟವಿಲ್ಲದೆ ಬದುಕುವ ಪ್ರಾಣಿ ಎಂಬ ಹೆಸರು ಓತಿಗೆ ಅಂಟಿಕೊಂಡಿತು. ಹೆದ್ದಾರಿ ಬದಿಯಲ್ಲಿ ಪ್ರವಾಸಿಗರಿಗೆ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ.

ವಾಸ್ತವದಲ್ಲಿ ಊಟದ ವಿಷಯದಲ್ಲಿ ಇಷ್ಟು ಹಟದ ಹಲ್ಲಿ ಅಪರೂಪ. ಅದರ ಮುಖ್ಯ ಆಹಾರ ಹಾರ್ವೆಸ್ಟರ್ ಇರುವೆ, ಕಾಳು ಕೂಡಿಡುವ ದೊಡ್ಡ ಕೆಂಪಿರುವೆ. ಇರುವೆಯ ಮೈಯಲ್ಲಿ ಅರಗದ ಹೊರಕವಚವೇ ಹೆಚ್ಚು, ಸತ್ವ ಕಡಿಮೆ. ಹಾಗಾಗಿ ದಿನಕ್ಕೆ ಹತ್ತಾರು ಇರುವೆ ಒಳಗೆ ಹೋಗಬೇಕು. ಅಷ್ಟನ್ನು ಹಿಡಿಸಲು ಅದರ ಹೊಟ್ಟೆ ಮೈಗೆ ಮೀರಿ ದೊಡ್ಡದು, ಆ ಚಪ್ಪಟೆ ದುಂಡು ಆಕಾರ ಬಂದದ್ದೇ ಅದರಿಂದ. ಪೆಟ್ಟಿಗೆಯಲ್ಲಿ ದೂರದ ನಗರಕ್ಕೆ ಹೋದ ಓತಿಗೆ ಅಲ್ಲಿ ಆ ಇರುವೆಯೇ ಇಲ್ಲ. ಬೇರೆ ಹುಳ ಕೊಟ್ಟರೆ ಒಂದಷ್ಟು ತಿನ್ನುತ್ತಿತ್ತು, ಮೈ ಇಳಿಯುತ್ತಾ ಹೋಗುತ್ತಿತ್ತು, ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಮುಗಿಯುತ್ತಿತ್ತು. ಟೆಕ್ಸಸ್ 1967ರಲ್ಲಿ ಇವನ್ನು ಹಿಡಿದು ಮಾರುವುದಕ್ಕೆ ಕಾನೂನಿನ ತಡೆ ಹಾಕಿತು. ಅಷ್ಟರೊಳಗೆ ಹುಲ್ಲುಗಾವಲು ಉಳುಮೆಗೆ ಹೋಗಿ, ಹೊರಗಿನಿಂದ ಬಂದ ಬೆಂಕಿ ಇರುವೆ ಹಬ್ಬಿ, ವ್ಯಾಪಾರವೂ ಸೇರಿ, ಹಲವು ಕಡೆ ಓತಿ ಕಾಣದಾಗಿತ್ತು.

ಪ್ರಶ್ನೆ: ಮೊಸಳೆಮರಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರೇ? ನ್ಯೂಯಾರ್ಕಿನ ಚರಂಡಿ ಮೊಸಳೆಗಳು ಅವೇ ಏನು?

ಉತ್ತರ: ಕಳಿಸುತ್ತಿದ್ದರು. ಫ್ಲೋರಿಡಾಕ್ಕೆ ಪ್ರವಾಸ ಹೋದವರು ಗಾಳಿಗೆ ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ ಅಲಿಗೇಟರ್ ಮರಿಯನ್ನು ಉತ್ತರದ ನೆಂಟರಿಗೆ ಉಡುಗೊರೆ ಕಳಿಸುವುದು ಮಾಮೂಲಾಗಿತ್ತು. ಮರಿ 20–23 ಸೆಂಟಿಮೀಟರ್ ಇರುತ್ತದೆ. ಚೆನ್ನಾಗಿ ತಿಂದರೆ ವರ್ಷಕ್ಕೆ ಸುಮಾರು ಒಂದಡಿ ಬೆಳೆಯುತ್ತದೆ. ತಿನ್ನುತ್ತಿದ್ದದ್ದು ಮಾತ್ರ ಬರೀ ಕೊಚ್ಚಿದ ಮಾಂಸ. ಕ್ಯಾಲ್ಸಿಯಂ ಇಲ್ಲದ ಆ ಊಟದಿಂದ ದವಡೆ ಮೂಳೆ ರಬ್ಬರಿನಂತಾಗಿ, ಬೆರಳಲ್ಲಿ ಒತ್ತಿದರೆ ಬಗ್ಗುತ್ತಿತ್ತು. ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ. 1967ರಲ್ಲಿ ಅಲಿಗೇಟರ್ ಅಳಿವಿನಂಚಿನ ಪಟ್ಟಿಗೆ ಸೇರಿದ ಮೇಲೆ ದಕ್ಷಿಣ ಅಮೆರಿಕದ ಕೇಮನ್ ಮರಿಗಳು ಆ ಜಾಗ ತುಂಬಿದವು, ಅವು ಇನ್ನೂ ಸಿಡುಕು.

ಚರಂಡಿಯ ವಿಷಯ: 1935ರ ಫೆಬ್ರವರಿಯಲ್ಲಿ ಹಾರ್ಲೆಮ್‌ನಲ್ಲಿ ಹಿಮ ಎತ್ತಿ ಚರಂಡಿಗೆ ಹಾಕುತ್ತಿದ್ದ ಹುಡುಗರು ಅದರೊಳಗೊಂದು ಅಲಿಗೇಟರ್ ಕಂಡು ಎಳೆದು ಹಾಕಿ ಹೊಡೆದು ಕೊಂದರೆಂದು ಪತ್ರಿಕೆಯಲ್ಲಿ ವರದಿಯಾಗಿತ್ತು. ಬಿಟ್ಟು ಹೋದ ಒಂಟಿ ಮರಿಗಳು ಆಗೀಗ ಸಿಕ್ಕಿವೆ. ಅಲ್ಲೇ ಮರಿ ಹಾಕಿ ಸಂಸಾರ ಹೂಡಿವೆ ಎಂಬುದು ಬರೀ ದಂತಕಥೆ, ಆ ಊರಿನ ಚಳಿಗಾಲ ಅದಕ್ಕೆ ಬಿಡದು.

ಪ್ರಶ್ನೆ: ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆ ಮಾರುವಂತಿಲ್ಲವಂತೆ. ಆಮೆಯ ಹಿಂಸೆ ತಡೆಯಲು ತಂದ ಕಾನೂನೇ? ಆ 4 ಇಂಚು ಎಲ್ಲಿಂದ ಬಂತು?

ಉತ್ತರ: ಆಮೆಗಾಗಿ ಅಲ್ಲ, ಮಕ್ಕಳಿಗಾಗಿ. ಆಮೆಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆಮೆಗೆ ಯಾವ ತೊಂದರೆ ಕೊಡದೆ ಇರಬಲ್ಲದು. ಅದೇ ಮಗುವಿನ ಹೊಟ್ಟೆ ಸೇರಿದರೆ ಜ್ವರ, ರಕ್ತಭೇದಿ, ಕೆಲವೊಮ್ಮೆ ರಕ್ತಕ್ಕೇ ಸೋಂಕು. 1960ರ ದಶಕದಲ್ಲಿ ವೈದ್ಯರು ಈ ಕೊಂಡಿ ಕಂಡುಕೊಂಡರು. 1970ರ ದಶಕದ ಮೊದಲಿಗೆ ಆಮೆಗಳಿಂದ ವರ್ಷಕ್ಕೆ ಸುಮಾರು 2,80,000 ಜನರಿಗೆ ಸೋಂಕು ತಗಲುತ್ತಿದೆಯೆಂದು ಅಂದಾಜಿಸಲಾಗಿತ್ತು.

ಮೊದಲ ಪ್ರಯತ್ನ 1972ರದು. ಸೋಂಕಿಲ್ಲವೆಂದು ಪರೀಕ್ಷೆಯಾಗಿ ಪ್ರಮಾಣಪತ್ರ ಸಿಕ್ಕ ಆಮೆಗಳನ್ನಷ್ಟೇ ರಾಜ್ಯದಿಂದ ರಾಜ್ಯಕ್ಕೆ ಸಾಗಿಸಬಹುದು ಎಂದರು. ಅದು ಕೆಲಸ ಮಾಡಲಿಲ್ಲ, ಯಾಕೆಂದರೆ ಆಮೆ ಬ್ಯಾಕ್ಟೀರಿಯಾವನ್ನು ಎಲ್ಲ ದಿನ ಹೊರಹಾಕುವುದಿಲ್ಲ. ಪರೀಕ್ಷೆಯ ದಿನ ಶುದ್ಧ ಎನಿಸಿದ ಮರಿ, ಪ್ರಯಾಣದ ಬಳಲಿಕೆ, ಇಕ್ಕಟ್ಟು, ಚಳಿಗೆ ಸಿಕ್ಕ ಮೇಲೆ ಧಾರಾಳವಾಗಿ ಹೊರಹಾಕತೊಡಗುತ್ತದೆ. ಕೊಳಕು ಬಟ್ಟಲಿನ ನೀರಿನಲ್ಲಿ ಅದು ಇನ್ನೂ ಹೆಚ್ಚುತ್ತದೆ. ಇಲ್ಲಿ ಎರಡು ಹಿಂಸೆಗಳೂ ಒಂದೇ ಕಡೆ ಸೇರುತ್ತವೆ: ಆಮೆಯನ್ನು ಎಷ್ಟು ಕೆಟ್ಟದಾಗಿ ಇಟ್ಟರೋ ಮಗುವಿಗೆ ಅಪಾಯ ಅಷ್ಟು ಜಾಸ್ತಿ.

1975ರಲ್ಲಿ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಚಿಪ್ಪಿನ ಉದ್ದ 4 ಇಂಚಿಗಿಂತ ಕಡಿಮೆಯಿರುವ ಆಮೆಗಳ ಮಾರಾಟವನ್ನೂ ಮರಿಯಾಗಬಲ್ಲ ಮೊಟ್ಟೆಗಳ ಮಾರಾಟವನ್ನೂ ನಿಷೇಧಿಸಿತು. 4 ಇಂಚೆಂದರೆ ಸುಮಾರು 10 ಸೆಂಟಿಮೀಟರ್. ಅದಕ್ಕಿಂತ ಚಿಕ್ಕದಾದರೆ ಮಗು ಬಾಯಿಗೆ ಹಾಕಿಕೊಳ್ಳುತ್ತದೆ, ಆಟಿಕೆಯೆಂದು ಮುದ್ದಿಸುತ್ತದೆ. ದೊಡ್ಡದನ್ನು ಹಾಗೆ ಮಾಡುವುದು ಕಷ್ಟ. ಸುರಕ್ಷತೆಗೂ ಆಮೆಯ ವಯಸ್ಸಿಗೂ ಸಂಬಂಧವಿಲ್ಲ, 5 ಇಂಚಿನ ಆಮೆಯಲ್ಲೂ ಅದೇ ಬ್ಯಾಕ್ಟೀರಿಯಾ ಇರುತ್ತದೆ. ಈ ನಿಷೇಧದಿಂದ ವರ್ಷಕ್ಕೆ ಮಕ್ಕಳಲ್ಲಿ ಒಂದು ಲಕ್ಷ ಸೋಂಕು ತಪ್ಪುತ್ತಿದೆ ಎಂದು ಎಫ್‌ಡಿಎ ಲೆಕ್ಕ ಹಾಕಿದೆ. ವಿಜ್ಞಾನ, ಶಿಕ್ಷಣ, ಪ್ರದರ್ಶನದ ಉದ್ದೇಶಕ್ಕೆ ವಿನಾಯಿತಿ ಇದೆ, ರಫ್ತಿಗೂ ಇದೆ. 'ಶೈಕ್ಷಣಿಕ ಉದ್ದೇಶಕ್ಕೆ' ಎಂದು ಬರೆದು ಮರಿ ಮಾರುವ ಚಾಲಾಕಿತನ ಅಂದಿನಿಂದ ಇಂದಿನವರೆಗೂ ನಡೆದಿದೆ. 2007ರಲ್ಲಿ ಫ್ಲೋರಿಡಾದಲ್ಲಿ ಸತ್ತ ಕೆಲವೇ ವಾರಗಳ ಹಸುಗೂಸಿನ ಸೋಂಕಿನ ಮೂಲ ಮನೆಯಲ್ಲಿದ್ದ ಪುಟ್ಟ ಆಮೆ.

ಪ್ರಾಣಿಯ ಸಂಕಟ ಎಂಬ ಒಂದೇ ಕಾರಣಕ್ಕೆ ಈ ವ್ಯಾಪಾರ ನಿಲ್ಲುತ್ತಿತ್ತೇ ಎಂದು ಕೇಳಿದರೆ, ನಿಲ್ಲುತ್ತಿರಲಿಲ್ಲ ಎಂದೇ ನಮಗೆ ಅನಿಸುತ್ತದೆ. ಮರಿ ಮಾರಾಟ ಆಗಲೇ ಹಲವು ದಶಕ ಸಾಗಿತ್ತು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಆಮೆಯ ಚಿಪ್ಪಿಗೆ ತೂತು ಕೊರೆದು ಹಗ್ಗ ಕಟ್ಟುತ್ತಿದ್ದರು ಎಂದು ಕೇಳಿದೆ.

ಉತ್ತರ: ಹೌದು. ಅದು ನೆಲದಾಮೆ. ಮೊರಾಕ್ಕೊ, ಟರ್ಕಿಯಿಂದ ಬುಟ್ಟಿ, ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು ಒಟ್ಟಿ ತರುತ್ತಿದ್ದರು. ತೋಟದಿಂದ ತಪ್ಪಿಸಿಕೊಳ್ಳದಿರಲೆಂದು ಚಿಪ್ಪಿನ ಹಿಂದಿನ ಅಂಚಿಗೆ ತೂತು ಹಾಕಿ ಹಗ್ಗ ಪೋಣಿಸುವುದು ಮಾಮೂಲು. ಮೇಲೆ ಹೇಳಿದ ಜೀವಂತ ಮೂಳೆಯೇ ಅಲ್ಲಿರುವುದು, ಅರಿವಳಿಕೆ ಇಲ್ಲದೆ ಕೊರೆಯುತ್ತಿದ್ದರು. ಗಾಯದಿಂದ ಸೋಂಕು ಮೂಳೆಗಿಳಿಯುತ್ತಿತ್ತು.

ಆದರೆ ಹೆಚ್ಚು ಜೀವ ತೆಗೆದದ್ದು ಮೊದಲ ಚಳಿಗಾಲ. ಬೇಸಿಗೆಯಿಡೀ ಬ್ರೆಡ್ಡು, ಹಾಲು ತಿಂದು ಸೊರಗಿದ ಆಮೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಶೆಡ್ಡಿಗೆ ಹಾಕಿ ಮರೆಯುತ್ತಿದ್ದರು. ಚಳಿನಿದ್ದೆಗೆ 5 ಡಿಗ್ರಿ ಆಸುಪಾಸು ಬೇಕು. ಸೊನ್ನೆಗಿಳಿದರೆ ಕಣ್ಣು ಹೆಪ್ಪುಗಟ್ಟಿ ಕುರುಡಾಗುತ್ತದೆ. 10 ಡಿಗ್ರಿ ದಾಟಿದರೆ ಅರೆಎಚ್ಚರಗೊಂಡು ಮೈಯ ಕೊಬ್ಬು ಕರಗಿಸಿಕೊಳ್ಳುತ್ತದೆ. ನಿದ್ದೆಗೆ ಬಿಡುವ ಮೊದಲು ಚಿಪ್ಪಿನ ಉದ್ದಕ್ಕೆ ತಕ್ಕ ತೂಕ ಇದೆಯೇ ಎಂದು ಅಳೆಯುವ ಪಟ್ಟಿಯನ್ನು ಒಲಿಫ್ಯಾಂಟ್ ಜಾಕ್ಸನ್ ಎಂಬ ಪಶುವೈದ್ಯರು ತಯಾರಿಸಿಕೊಟ್ಟರು. ತೂಕ ಸಾಲದಿದ್ದರೆ ಆ ವರ್ಷ ಮಲಗಿಸದೆ ಬೆಚ್ಚಗಿಟ್ಟು ಉಣಿಸಬೇಕು. 1984ರಲ್ಲಿ ಯುರೋಪಿಯನ್ ಸಮುದಾಯ ಮೆಡಿಟರೇನಿಯನ್ ಆಮೆಗಳ ಆಮದು ವ್ಯಾಪಾರ ನಿಲ್ಲಿಸಿತು.

ಪ್ರಶ್ನೆ: ಈಗ ಇಂಥದ್ದೆಲ್ಲ ಇಲ್ಲ ಅಲ್ಲವೇ?

ಉತ್ತರ: 2011ರ ಹೊತ್ತಿಗೆ ಚೀನಾದ ನಗರಗಳಲ್ಲಿ ಜೀವಂತ ಸ್ಲೈಡರ್ ಮರಿಯನ್ನು ಬಣ್ಣದ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಕೀಲಿಗೊಂಚಲಾಗಿ ಮಾರುತ್ತಿದ್ದದ್ದು ಸುದ್ದಿಯಾಯಿತು. ನೀರಿನಲ್ಲಿ ಪೋಷಕಾಂಶವಿದೆ, ತಿಂಗಳುಗಟ್ಟಲೆ ಇರುತ್ತದೆ ಎಂಬುದು ಮಾರುವವರ ಮಾತು. ಆಮೆ ಉಸಿರಾಡುವುದು ಶ್ವಾಸಕೋಶದಿಂದ. ಚೀಲದಲ್ಲಿರುವ ಒಂದು ಗುಕ್ಕು ಗಾಳಿಯೇ ಅದರ ಪಾಲು.

ಪ್ರಶ್ನೆ: ಯಾರೋ ಬಟ್ಟಲಿನಲ್ಲಿಟ್ಟ ಸೊರಗಿದ ಸ್ಲೈಡರ್ ಮರಿ ಕೈಗೆ ಬಂದರೆ ಮೊದಲ ವಾರ ಏನು ಮಾಡಬೇಕು? ಕೆರೆಗೆ ಬಿಡಬಹುದೇ?

ಉತ್ತರ: ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಊಟ. ಈ ಕ್ರಮ ತಪ್ಪಿದರೇ ಹೆಚ್ಚು ಮರಿ ಸಾಯುವುದು. ತಣ್ಣಗಿರುವ ಹೊಟ್ಟೆಗೆ ಒಮ್ಮೆಲೇ ಆಹಾರ ಸುರಿದರೆ ಅದು ಒಳಗೇ ಕೊಳೆಯುತ್ತದೆ. ಬಹಳ ದಿನ ಉಪವಾಸವಿದ್ದ ಮೈಗೆ ದಿಢೀರ್ ಊಟ ರಕ್ತದ ಲವಣಗಳನ್ನೇ ಏರುಪೇರು ಮಾಡುತ್ತದೆ.

ಮೊದಲ ದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ 26 ಡಿಗ್ರಿಗೆ ತನ್ನಿ. ಚಿಪ್ಪಿನ ಅರ್ಧ ಮುಳುಗುವಷ್ಟು ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಎರಡು ಸಲ 20 ನಿಮಿಷ ಬಿಡಿ, ಕುಡಿಯುತ್ತದೆ. ನಿತ್ರಾಣವಾಗಿದ್ದರೆ ಆಳದ ನೀರಿಗೆ ಹಾಕಬೇಡಿ, ಮುಳುಗಿ ಸಾಯುತ್ತದೆ. ಎರಡನೇ ಮೂರನೇ ದಿನ ಚುರುಕಾದ ಮೇಲೆ ತಲೆಯ ಗಾತ್ರದ ಕಾಲು ಭಾಗದಷ್ಟು ಆಮೆ ಪೆಲೆಟ್ (ಆಮೆಗೆಂದೇ ಮಾಡಿದ ಒಣ ಆಹಾರದ ಗುಳಿಗೆ) ನೆನೆಸಿ ಕೊಡಿ. ವಾರದ ಕೊನೆಗೆ ತಲೆಯ ಗಾತ್ರದಷ್ಟು ಸಾಕು. ಕಡು ಹಸಿರು ಸೊಪ್ಪು, ತುರಿದ ಗಜ್ಜರಿ ಅಭ್ಯಾಸ ಮಾಡಿಸಿ. ಕಣ್ಣು ಊದಿದ್ದರೆ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ. ಎ ವಿಟಮಿನ್ ಚುಚ್ಚುಮದ್ದು ಪ್ರಮಾಣ ಮೀರಿದರೆ ಚರ್ಮವೇ ಸುಲಿದು ಬೀಳುತ್ತದೆ, ಹಾಗಾಗಿ ಅಂದಾಜಿನಲ್ಲಿ ಕೊಡುವಂಥದ್ದಲ್ಲ.

ಚೇತರಿಸಿಕೊಂಡ ಮರಿಗೆ ಕನಿಷ್ಠ 70 ಲೀಟರಿನ ತೊಟ್ಟಿ, ಅದರ ಎರಡು ಪಟ್ಟು ನೀರಿಗೆಂದು ಮಾಡಿದ ಫಿಲ್ಟರ್, ಪೂರ್ತಿ ಒಣಗುವ ದಿಬ್ಬ, ದಿಬ್ಬದ ಮೇಲೆ ಬಿಸಿ ದೀಪ. ಯುವಿಬಿ ಟ್ಯೂಬು 25–30 ಸೆಂಟಿಮೀಟರ್ ಎತ್ತರದಲ್ಲಿರಲಿ, ನಡುವೆ ಗಾಜು ಬೇಡ. ಬೆಳಕು ಬರುತ್ತಿದ್ದರೂ ಯುವಿಬಿ ಕುಂದುತ್ತದೆ, ವರ್ಷದೊಳಗೆ ಬದಲಿಸಿ. ಬೆಳೆದ ಹೆಣ್ಣಿಗೆ 350–400 ಲೀಟರ್ ಬೇಕಾದೀತು, ಈಗಲೇ ಯೋಚಿಸಿ. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮುಟ್ಟಿದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳದಿರುವುದೇ ಒಳ್ಳೆಯದು.

ಕೆರೆಗೆ ಮಾತ್ರ ಬಿಡಬೇಡಿ. ಬದುಕಿದರೆ ಅಲ್ಲಿನ ಆಮೆಗಳ ಬಿಸಿಲು ಕಾಯುವ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತದೆ, ತನ್ನ ರೋಗವನ್ನೂ ಹಂಚುತ್ತದೆ. ಯುರೋಪಿನ ಕೆರೆಗಳಲ್ಲಿ ಹೀಗೇ ಆಗಿ 1997ರಲ್ಲಿ ಅಲ್ಲಿ ರೆಡ್ ಇಯರ್ಡ್ ಸ್ಲೈಡರ್ ಆಮದು ನಿಂತಿತು. ವ್ಯಾಪಾರಿಗಳು ಅದರ ಹಳದಿ ಹೊಟ್ಟೆಯ ದಾಯಾದಿಯನ್ನು ತರತೊಡಗಿದರು. 2016ರಲ್ಲಿ ಇಡೀ ಪ್ರಭೇದವನ್ನೇ ಆಕ್ರಮಣಕಾರಿ ಪಟ್ಟಿಗೆ ಸೇರಿಸಬೇಕಾಯಿತು. ಸಾಕಲು ಆಗದಿದ್ದರೆ ರಕ್ಷಣಾ ಕೇಂದ್ರಕ್ಕೋ ಮೃಗಾಲಯಕ್ಕೋ ಮೊದಲು ಫೋನ್ ಮಾಡಿ ಕೇಳಿ. ಅವರಲ್ಲೂ ಇಂಥ ಆಮೆಗಳು ತುಂಬಿರುತ್ತವೆ, ಕೇಳದೆ ಬಾಗಿಲಲ್ಲಿಟ್ಟು ಬರಬೇಡಿ.